ಸೂರು ಮುಟ್ಟದ ಗೋಡೆ

ಬಂದ ಮೊದಲ ದಿನ ಸಾಮಾನು ಇಳಿಸಿ, ಬಾಗಿಲು ಹಾಕಿಕೊಂಡು ಕೂತಿದ್ದೆವು. ನನಗೆ ಸೀನು ಬಂತು. ತಲೆಯ ಮೇಲಿನಿಂದ ಯಾರೋ "ನೂರಾಯಸ್ಸು" ಎಂದರು. ಅಮ್ಮ ಎದ್ದು ನಿಂತಳು. ಒಳಗಿದ್ದವರು ನಾವಿಬ್ಬರೇ.

"ಯಾರದು?"

"ನಾನೇಮ್ಮಾ, ಪಕ್ಕದ್ಮನೆ ಸೆಲ್ವಿ. ಬಯ ಬೀಳ್ಬೇಡ."

ಆಗ ಕತ್ತೆತ್ತಿ ನೋಡಿದೆವು. ಎರಡು ಮನೆಗಳ ನಡುವಿನ ಗೋಡೆ ಸೂರಿನವರೆಗೆ ಹೋಗೇ ಇರಲಿಲ್ಲ.

ಕೆಜಿಎಫ್‌ನ ನಂದಿದುರ್ಗದಲ್ಲಿ ನಾವು ಬಾಡಿಗೆಗೆ ಹಿಡಿದದ್ದು ಇಂಥ ಮನೆ. ಗಣಿ ಕೂಲಿಯವರಿಗೆಂದು ಹಿಂದೆ ಸಾಲಾಗಿ ಕಟ್ಟಿದ್ದು. ಆ ಸಾಲಿಗೆ ಇಲ್ಲಿ ಲೈನು ಎನ್ನುತ್ತಾರೆ. ಒಂದೇ ತಗಡಿನ ಕೆಳಗೆ ಹತ್ತು ಸಂಸಾರ. ಒಬ್ಬರ ಮನೆ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಕೆಮ್ಮು. ಕಾಮಸಮುದ್ರದ ಕಡೆಯ ನಮ್ಮವರಿಗೆ ಹೇಳಿದರೆ ನಗುತ್ತಾರೆ. ನಮ್ಮಲ್ಲಿ ಎಂಥ ಬಡವರ ಮನೆಗೂ ಮೊಳದಪ್ಪದ ಮಣ್ಣುಗೋಡೆ ಇರುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಊರಲ್ಲಿ ಸಿಕ್ಕಿದ್ದು ವಾರಕ್ಕೆರಡು ದಿನದ ಕೂಲಿ. ಇಲ್ಲಿಂದಾದರೆ ಬೆಂಗಳೂರಿಗೆ ರೈಲಿದೆ, ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸವಿದೆ ಎಂದು ಯಾರೋ ಹೇಳಿದರು. ನಾನು ಹತ್ತನೇ ತರಗತಿಗೆ ಇಲ್ಲಿಯ ಶಾಲೆ ಸೇರಿದೆ. ಗೆಳತಿಯರು ತಮಿಳಿನಲ್ಲಿ ಜಗಳವಾಡಿ ತೆಲುಗಿನಲ್ಲಿ ರಾಜಿಯಾಗುತ್ತಿದ್ದರು. ನಾನು ಹಳ್ಳಿಗನ್ನಡದಲ್ಲಿ ಬಾಯಿ ಬಿಟ್ಟರೆ "ಅಜ್ಜಿ ಬಂತು" ಎನ್ನುವರು. ನನಗೆ ಮಾತು ಕಲಿಸಿದವಳು ಅಜ್ಜಿಯೇ ಆಗಿದ್ದರಿಂದ ನನಗದು ಬೈಗುಳ ಎನಿಸಲಿಲ್ಲ. ಆದರೂ ಊರ ಹುಣಸೆಮರ, ಅದರ ಬುಡದಲ್ಲಿ ಆಡುತ್ತಿದ್ದ ನಮ್ಮ ಗುಂಪು ನೆನಪಾಗುತ್ತಿತ್ತು.

ಊರಲ್ಲಿ ಹಿಟ್ಟಿಲ್ಲದ ದಿನ ಅಮ್ಮ ಒಂದು ಉಪಾಯ ಮಾಡುತ್ತಿದ್ದಳು. ಅಗುಳಿ ಹಾಕಿ, ಮುದ್ದೆ ತಿರುವುವ ಕೋಲನ್ನು ಬರಿ ಪಾತ್ರೆಯಲ್ಲಿ ಗಡಗಡ ತಿರುವುವಳು. ಬೀದಿಯಲ್ಲಿ ಹೋಗುವವರು ಇವರದು ಊಟದ ಹೊತ್ತು ಎಂದುಕೊಂಡು ಹೋಗುವರು. ಇಲ್ಲಿಯೂ ಒಂದು ಸಂಜೆ ಡಬ್ಬ ಬರಿದಾಗಿತ್ತು, ಅಮ್ಮ ಇನ್ನೂ ರೈಲಿನಲ್ಲಿದ್ದಳು. "ಪಾಪಾ, ಸಾಪ್ಟಿಯಾ?" ಎಂದು ಸೆಲ್ವಿಯಕ್ಕ ಕೂಗಿದಳು, ಊಟ ಆಯಿತೇ ಎಂದು. ನಾನು ಕೋಲು ಹಿಡಿದೆ.

ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವಳೆಂದಳು: "ಏನ್ ಪಾಪಾ ಮುದ್ದೆನಾ?"

"ಊಂನಕ್ಕಾ."

"ಬಲೇ ಮುದ್ದೆ! ಇಟ್ಟು ಬೇಯೋ ವಾಸ್ನೇನೇ ಇಲ್ಲ. ನಂಗೂ ಒಂದು ಕೊಡ್ತೀಯಾ?"

ನಾಚಿಕೆಗೆ ಕೋಲು ಕೈಜಾರಿತು. ಸೂರಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಬಳೆಯ ಕೈಯೊಂದು ಬಂತು, ತಟ್ಟೆಯಲ್ಲಿ ಮೂರು ಇಡ್ಲಿ. ಬೇಡವೆಂದೆ. "ಕೈ ನೋಯ್ತೈತೆ, ಬಿಟ್ಬಿಡ್ಲಾ ತಲೆ ಮೇಲೆ?" ಎಂದಳು. ಇಸಿದುಕೊಂಡೆ.

ಮುಂದಿನ ಭಾನುವಾರ ಅಮ್ಮ ನನ್ನ ತಲೆ ಬಾಚುತ್ತಾ ಮೆಲ್ಲಗೆ ಹೇಳಿದಳು, "ನಾಳೆಯಿಂದ ನನ್ನ ಜೊತೆ ರೈಲಿಗೆ ಬಾ. ಒಬ್ಬಳ ಕೈಲಿ ಆಗ್ತಿಲ್ಲ ಕಣೇ." ಪರೀಕ್ಷೆಗೆ ಎರಡೇ ತಿಂಗಳಿತ್ತು.

ಗೋಡೆ ಮಾತಾಡಿತು. "ಅದೆಂಗಾಯ್ತದೆ? ಓದೋ ಮಗೀನ!"

"ಕಿವಿ ಕೊಟ್ಕಂಡು ಕುಂತಿದ್ದೀಯೇನಕ್ಕಾ?" ಅಮ್ಮ ಸಿಟ್ಟಾದಳು.

"ನಾನೆಲ್ಲಿ ಕೊಟ್ಟೆ? ಗೋಡೇನೇ ಅಷ್ಟು ಕಟ್ಟವ್ರೆ. ನಂದು ಸ್ಟೇಷನ್ ಅತ್ರ ಇಡ್ಲಿ ಯಾಪಾರ. ಇಟ್ಟು ರುಬ್ಬಾಕೆ ಕೈ ಬೇಕು. ನಿನ್ ಮಗಳು ರುಬ್ಲಿ, ನನ್ಮನೇಲಿ ಉಣ್ಲಿ, ಇಸ್ಕೂಲ್‌ಗೆ ಓಗ್ಲಿ. ಕೂಲೀನೂ ಕೊಡ್ತೀನಿ, ದರ್ಮಕ್ಕಲ್ಲ."

ಅಮ್ಮ ನನ್ನ ಜಡೆ ಹೆಣೆದು ಮುಗಿಸಿದಳು. ಆಮೇಲೆ ಗೋಡೆಯ ಕಡೆ ನೋಡದೆ, "ಸಂಜೆ ಕಳಿಸ್ತೀನಿ" ಎಂದಳು.

ಹತ್ತನೇ ತರಗತಿ ಪಾಸಾದೆ. ಈಗ ಪಿಯುಸಿ ಎರಡನೇ ವರ್ಷ. ಆದರೆ ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬಂದು ಅಮ್ಮನ ಕಾಲು ಬಾತುಕೊಂಡಿತು. ಊರಲ್ಲಿದ್ದ ಮಾವ ಒಂದು ಸೀಮೆಹಸುವನ್ನು ಪಾಲಿಗೆ ಕೊಡುತ್ತೇನೆಂದ. ಅವಳು ಊರಿಗೆ ಮರಳಿದಳು, ಡೈರಿಗೆ ಹಾಲು ಹಾಕುತ್ತಾಳೆ. ಕಾಲೇಜಿನ ಹೊತ್ತಿಗೆ ಊರಿಂದ ಬಸ್ಸಿಲ್ಲ. ನಾನು ಸೆಲ್ವಿಯಕ್ಕನ ಮನೆಯಲ್ಲೇ ಉಳಿದೆ. ಓದು ಉಳಿಸಿಕೊಳ್ಳಲು ಹೋಗಿ ಅಮ್ಮನನ್ನು ಬಿಡಬೇಕಾಗುತ್ತದೆ ಎಂದು ಆ ಭಾನುವಾರ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಶನಿವಾರ ಊರಿಗೆ ಹೋಗುತ್ತೇನೆ. ಹೋದವಳಿಗೆ ಸೆಲ್ವಿಯಕ್ಕ ಒಬ್ಬಳೇ ಅಕ್ಕಿ ನೆನೆಹಾಕಿದಳೋ ಏನೋ ಎನಿಸುತ್ತದೆ. ಭಾನುವಾರ ಮಧ್ಯಾಹ್ನ "ಇನ್ನೊಂದಿನ ಇರೇ" ಎನ್ನುತ್ತಾಳೆ ಅಮ್ಮ. ಕ್ಲಾಸಿದೆ ಎನ್ನುತ್ತೇನೆ. ಅವಳು ಹಸು ಕರೆದು, ನೊರೆ ಇಳಿಯುವ ಮೊದಲೇ ಬಾಟಲಿಗೆ ತುಂಬಿ ಕೊಡುತ್ತಾಳೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಮುಚ್ಚಿಕೊಳ್ಳುತ್ತೇನೆ. ಕಾಮಸಮುದ್ರ ದಾಟುವವರೆಗೂ ಬೆಚ್ಚಗಿರುತ್ತದೆ. ಎಷ್ಟು ಒತ್ತಿ ಹಿಡಿದರೂ, ಕೆಜಿಎಫ್ ಬಸ್ಸು ಹಿಡಿಯಲು ಬಂಗಾರಪೇಟೆಗೆ ಬರುವಷ್ಟರಲ್ಲಿ ಆರಿಬಿಡುತ್ತದೆ.