ಮಂತ್ರಿಗೆ ಬೈಗುಳದ ಪಾಠ

ಕಾನ್ಯೆ ಊರಿನಲ್ಲಿ ಕೆಲೆಬೊನ್ಯೆಯ ನಾಲಿಗೆಗೆ ಹೆದರದವರಿರಲಿಲ್ಲ. ಮದುವೆಯ ಮಾತುಕತೆಗೆ ಗಂಡಿನ ಕಡೆಯ ಹೆಂಗಸರು ಬರುತ್ತಾರೆಂದರೆ, ಹೆಣ್ಣಿನ ಮನೆಯವರು ಮೊದಲು ಅವಳನ್ನು ಕರೆತಂದು ಕೂರಿಸುತ್ತಿದ್ದರು. ನಗುನಗುತ್ತಲೇ ಚುಚ್ಚುವಳು, ಎದುರಿನವರು ಸಿಡುಕಿದರೆ ಅಲ್ಲಿಗೆ ಅವರು ಸೋತಂತೆ. ಗಂಡ ಗಣಿಯಲ್ಲಿ ದುಡಿದು ತಂದ ಹಸುಗಳು, ಜೋಳದ ಹೊಲ, ಅಂಗಳದ ತುಂಬ ಕೋಳಿಗಳು ಇದ್ದವು. ಅವನು ತೀರಿಕೊಂಡ ಮೇಲೂ ಬಾಳಿನ ಬಗ್ಗೆ ಅವಳಿಗೆ ದೂರಿರಲಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿದ್ದ ಬೆಚುವಾನಾಲ್ಯಾಂಡಿಗೆ ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಅವಳ ಅಣ್ಣನ ಮಗ ಮೊತ್ಸುಮಿ ನೀರಿನ ಖಾತೆಯ ಮಂತ್ರಿಯಾಗಿದ್ದ. ಕೊಳವೆಬಾವಿ ಕೊರೆಯುವ ಯಂತ್ರಗಳು ಮಾತ್ರ ಇನ್ನೂ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲೇ ಇದ್ದವು. ಅವನ್ನು ಬಿಟ್ಟುಕೊಡಿ ಎಂದು ಕೇಳಲು ಹೋದಾಗ ಹಿರಿಯ ಅಧಿಕಾರಿಯೊಬ್ಬ, ಮಕ್ಕಳಿಗೆ ಹೇಳುವಂತೆ, ಆತುರ ಬೇಡವೆಂದು ನಕ್ಕಿದ್ದ. ಮೊತ್ಸುಮಿ ಸಿಟ್ಟಿನಿಂದ ಎದ್ದು ಬಂದಿದ್ದ. ಮತ್ತೆ ಮಾತುಕತೆಗೆ ಕರೆ ಬಂದಾಗ ಅವನು ನೇರವಾಗಿ ಅತ್ತೆಯ ಅಂಗಳಕ್ಕೆ ಬಂದ.

ಅವಳು ತಾನು ಕುರ್ಚಿಯಲ್ಲಿ ಕೂತು ಅವನಿಗೆ ಮಣೆ ತೋರಿಸಿದಳು. ಗಂಡನ ಹಳೆಯ ಟೋಪಿ ತಲೆಗೇರಿಸಿ ತಾನೇ ಆ ಅಧಿಕಾರಿಯಾದಳು. ಅವನ ಕೈಗೆ ಜೋಳದ ಗಂಜಿಯ ಬಟ್ಟಲು ಕೊಟ್ಟು, ತಾನು ಏನೇ ಅಂದರೂ ಒಂದು ತುತ್ತು ನುಂಗಿದ ಮೇಲೆಯೇ ಉತ್ತರ ಕೊಡಬೇಕೆಂದಳು.

“ಆಡು ಮೇಯಿಸೋಕೆ ಹೋಗಿ ಮರದಡಿ ನಿದ್ದೆ ಹೊಡೆದೋನು ನೀನು. ನಿನ್ ಕೈಗೆ ಮಿಷಿನ್ ಕೊಡಬೇಕಾ?”

ಬಟ್ಟಲು ಕೆಳಗಿಟ್ಟು ಎದ್ದೇಬಿಟ್ಟ. “ಅದು ನಾನಲ್ಲ ಅತ್ತೆ, ನಿನ್ ಮಗ.”

“ಎದ್ಯಲ್ಲ, ಮುಗೀತು. ಕೂತ್ಕೊಳ್ಳೋ. ಆಡಿನ ಮಾತು ಬಿಡು, ಮಿಷಿನ್ ಕೇಳು.”

ಅವನ ಓದು, ಬೂಟು, ಬೋಳಾಗುತ್ತಿದ್ದ ತಲೆ, ಯಾವುದನ್ನೂ ಅವಳು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅವನು ತುತ್ತು ನುಂಗಿ, ಬಾಯಿ ಒರೆಸಿಕೊಂಡು, ತಣ್ಣಗೆ ಯಂತ್ರಗಳನ್ನೇ ಕೇಳುವಂತಾಗಿದ್ದ. ಅವಳಿಗೇ ಬೈಗುಳ ಸಾಲದಾಯಿತು.

ಮಾತುಕತೆಯಲ್ಲಿ ಅವನ ಮುಂದೆ ಚಹಾ ಇಟ್ಟಿದ್ದರು. ಅಧಿಕಾರಿ ನಕ್ಕಾಗೆಲ್ಲ ಒಂದು ಗುಟುಕು ಕುಡಿದು, ಕೇಳಿದ್ದನ್ನೇ ಮತ್ತೆ ಕೇಳಿದ. ಕಡೆಗೆ ನಗು ನಿಂತಿತು. ಅಧಿಕಾರಿಗಳು ಹೊರಗೆ ಹೋಗಿ ತಮ್ಮತಮ್ಮಲ್ಲಿ ಮಾತಾಡಿಕೊಂಡು ಬಂದು, ಅರ್ಧ ಯಂತ್ರಗಳನ್ನು ಕೂಡಲೇ, ಉಳಿದವನ್ನು ಸ್ವಾತಂತ್ರ್ಯದ ದಿನ ಕೊಡಲು ಒಪ್ಪಿದರು.

ಸುದ್ದಿ ಹೇಳಲು ಅವನೇ ಕಾನ್ಯೆಗೆ ಬಂದ.

“ಅರ್ಧನೇ ತಂದ್ಯಾ? ನಾನು ಹೋಗಿದ್ರೆ ಅವರು ಕೂತಿದ್ದ ಕುರ್ಚಿನೂ ತರ್ತಿದ್ದೆ,” ಎಂದಳು. ಆದರೆ ಆ ದಿನವೆಲ್ಲ ಬಾವಿಗೆ ಬಂದವರಿಗೆಲ್ಲ ಅಣ್ಣನ ಮಗ ಗೆದ್ದು ಬಂದ ಸುದ್ದಿಯನ್ನೇ ಹೇಳುತ್ತ ತಿರುಗಿದಳು.

ಅವನು ಹೊರಡುವ ಮುಂಚೆ ಸರ್ಕಾರಿ ಕಾರಿನ ಹಿಂದಿನ ಸೀಟಿನ ತುಂಬ ಕಲ್ಲಂಗಡಿ ಹೇರಿಸಿದಳು. ಹೊಲದವರೆಗೆ ಬಿಡು ಎಂದು ತಾನು ಮುಂದೆ ಕೂತಳು. ಮಂತ್ರಿ ಹಣ್ಣುಗಳ ನಡುವೆ ಮುದುಡಿ ಕೂತ.