ಪದ್ಮವ್ವನ ದೊಡ್ಡ ಕುಲಾವಿ

ಧುಪದಾಳದ ಪದ್ಮವ್ವ ಹೊಲಿದ ಕುಲಾವಿ ಹಾಕಿಕೊಳ್ಳದ ಕೂಸು ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಇರಲಿಲ್ಲ. ಕಿವಿ ಮುಚ್ಚಿ, ಗದ್ದದ ಕೆಳಗೆ ಲಾಡಿ ಕಟ್ಟುವ ಆ ಟೊಪ್ಪಿಗೆಗೆ ಕುಪ್ಪಸದ ಖಣದ ಚೂರುಪಾರು ಸಾಕಾಗುತ್ತಿತ್ತು. ಅದಕ್ಕೆ ಆ ಹೆಸರೇಕೆ ಎಂದು ಯಾರಾದರೂ ಕೇಳಿದರೆ, ಕುಲ ಬೆಳೆಸುವ ಕೂಸಿನ ತಲೆಗೆ ಹಾಕುವುದರಿಂದ ಕುಲಾವಿ ಎಂದು ಖಾತ್ರಿಯಿಂದ ಹೇಳುತ್ತಿದ್ದಳು. ಅವಳ ಅವ್ವ ಹಾಗೆಯೇ ಹೇಳಿಕೊಟ್ಟಿದ್ದಳು.

೧೯೩೧ರ ಚಳಿಗಾಲದಲ್ಲಿ ಚಾಕು, ಕತ್ತರಿ ಮಾರುವ ಇರಾಣಿಯೊಬ್ಬ ಅವಳ ಬಾಗಿಲಿಗೆ ಬಂದ. ರೈಲಿನ ಕಿಟಕಿಯಿಂದ ಇಣುಕುವಾಗ ಅವನ ಟೊಪ್ಪಿಗೆ ಗಾಳಿಗೆ ಹಾರಿಹೋಗಿತ್ತು. ಘಟಪ್ರಭಾದಲ್ಲಿ ಇಳಿದು "ಕುಲಾಹ್, ಕುಲಾಹ್" ಎಂದು ಕಂಡವರನ್ನೆಲ್ಲ ಕೇಳಿದ್ದಕ್ಕೆ ಜನ ಈ ಮನೆಯ ದಾರಿ ತೋರಿಸಿದ್ದರು.

ಪದ್ಮವ್ವ ಟ್ರಂಕಿನಿಂದ ಏಳೆಂಟು ಕುಲಾವಿ ತಂದು ಹರಡಿದಳು. ಆರಡಿ ಎತ್ತರದ ಆ ಆಳು ಒಂದನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು ತಿರುಗಿಸಿ ನೋಡಿದ. ಕೂಸು ಎಷ್ಟು ತಿಂಗಳದ್ದೆಂದು ಅವಳು ಕೈಸನ್ನೆಯಿಂದ ಕೇಳಿದಳು. ಅವನು ತನ್ನ ತಲೆಯನ್ನೇ ಮುಟ್ಟಿ ತೋರಿಸಿದ.

ಅರಳೆ ವ್ಯಾಪಾರಕ್ಕೆಂದು ಊರೂರು ತಿರುಗಿ ಹಿಂದುಸ್ತಾನಿ ಕಲಿತಿದ್ದ ಅವಳ ಮಾವ ನೇಮಣ್ಣ ಒಳಗಿನಿಂದ ಬಂದು ಮಾತಾಡಿಸಿದ. ಫಾರಸಿಯಲ್ಲಿ ಕುಲಾಹ್ ಎಂದರೆ ಟೊಪ್ಪಿಗೆ, ಗಂಡಸರು ಹಾಕುವ ಎತ್ತರದ್ದು ಎಂದು ಇರಾಣಿ ವಿವರಿಸಿದ. ನೇಮಣ್ಣನಿಗೆ ಕೌತುಕವಾಯಿತು.

"ಪದ್ಮವ್ವಾ, ನಿನ್ನ ಕುಲಾವಿ ಮೊದಲ ದೊಡ್ಡವರ ತಲಿಮ್ಯಾಲ ಇತ್ತಂತ. ಬಾದಶಹರೂ ಹಾಕ್ಕೋತಿದ್ರಂತ."

ಅವಳು ಆ ಮಾತನ್ನು ಸುಲಭಕ್ಕೆ ಒಪ್ಪಲಿಲ್ಲ. ಆದರೂ ನೂಲು ಕೊಟ್ಟು ಮಾವನಿಂದ ಆ ತಲೆಯ ಅಳತೆ ತೆಗೆಸಿದಳು. ಹಳೆಯ ಕಂಬಳಿ ಕತ್ತರಿಸಿ ಮಧ್ಯಾಹ್ನದೊಳಗೆ ಎತ್ತರದ ಟೊಪ್ಪಿಗೆ ಹೊಲಿದಳು. ಕೈರೂಢಿಗೆ ಕಿವಿಪಟ್ಟಿಯೂ ಲಾಡಿಯೂ ಬಂದುಬಿಟ್ಟವು. ಇರಾಣಿ ಗಡ್ಡದ ಕೆಳಗೆ ಲಾಡಿ ಬಿಗಿದುಕೊಂಡು, ಕನ್ನಡಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನಲ್ಲಿದ್ದ ಒಳ್ಳೆಯ ಕತ್ತರಿಯೊಂದನ್ನು ಅವಳ ಮುಂದಿಟ್ಟು, ಟೊಪ್ಪಿಗೆ ಹಾಕಿಕೊಂಡೇ ಹೊರಟ.

ಅವನು ಮರೆಯಾದ ಮೇಲೂ ನೇಮಣ್ಣ ಕಟ್ಟೆಯಿಂದ ಏಳಲಿಲ್ಲ.

"ನನಗೂ ಒಂದ ಹೊಲಿತೀಯೇನವಾ? ಮುಂಜಾನಿ ಹೊಲಕ್ಕ ಹೋಗೂವಾಗ ಕಿವಿ ಸೆಟೀತಾವು."

"ಮಂದಿ ನಗ್ತಾರ್ರಿ, ಮಾವಾರ."

"ನಗಲಿ. ಬಾದಶಹರ ಟೊಪ್ಪಿಗಿ ಅಂತ ಹೇಳ್ತೇನಿ."

ಜನ ಎರಡು ದಿನ ನಕ್ಕರು. ಮೂರನೆಯ ದಿನ ಬಾಜೂ ಮನೆಯ ಗುರುಲಿಂಗಪ್ಪ ಬೆಳಗಾಗುತ್ತಲೇ ಬಂದು ತನ್ನ ತಲೆಯ ಅಳತೆ ಕೊಟ್ಟ. ಸಂಕ್ರಾಂತಿಯ ಹೊತ್ತಿಗೆ ಊರಿನ ಹನ್ನೊಂದು ಮಂದಿ ಹಿರಿಯರು ಕುಲಾವಿ ಕಟ್ಟಿಕೊಂಡು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಗುರುಲಿಂಗಪ್ಪ ಮಾತ್ರ ಹಟ ಹಿಡಿದು ತನ್ನದಕ್ಕೆ ಕೆಂಪು ಲಾಡಿ ಹಾಕಿಸಿಕೊಂಡಿದ್ದ.