ನೀರಿಗೆ ದಾರಿ ತೋರಿಸಲು ಹೋದದ್ದು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹಿತ್ತಲ ತೋಟಕ್ಕೆ ಡಿಸೈನು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾನು ನೆಟ್ಟ ಒಣಕಡ್ಡಿಯೂ ಮರುದಿನವೇ ನೆರಳು ಕೊಡುತ್ತದೆ. ಅದೇ ಧೈರ್ಯದಲ್ಲಿ ಲಾಸ್ ಆಲ್ಟೋಸಿನ ಇರಾನಿ ಡಾಕ್ಟರಮ್ಮನ ಮನೆಗೆ ನಕ್ಷೆ ಹಿಡಿದು ಹೋದೆ. ಇಸ್ಫಹಾನಿನಿಂದ ಬಂದಿದ್ದ ಅವರ ತಾಯಿಗೆ, ಹರಿಯುವ ನೀರಿನ ಪಕ್ಕ ನೆರಳಲ್ಲಿ ಕೂರುವ ಆಸೆ. ಆ ಅಜ್ಜಿ ಒಪ್ಪಿದರೆ ಮಾತ್ರ ಕೆಲಸ ನನಗೆ.

ಮೈಸೂರಿನವನಲ್ಲವೇ, ವಾಸ್ತು ಪ್ರಕಾರ ಈಶಾನ್ಯಕ್ಕೆ ಕೊಳ ಇಟ್ಟು, ಅಲ್ಲಿಂದ ಮನೆಯತ್ತ ಕಾಲುವೆ ಎಳೆದಿದ್ದೆ. ಹಿತ್ತಲಿನಲ್ಲಿ ಎಲ್ಲಕ್ಕಿಂತ ತಗ್ಗಾದ ಮೂಲೆಯೂ ಅದೇ.

ಅಜ್ಜಿ ನಕ್ಷೆ ನೋಡಿ ಏನೋ ಅಂದರು. ಮಗಳು ನಗು ತಡೆದುಕೊಂಡು ಇಂಗ್ಲಿಷಿಗೆ ತಂದರು. "ನಿಮ್ಮೂರಲ್ಲಿ ನೀರು ಮೇಲಕ್ಕೆ ಹತ್ತುತ್ತಾ ಅಂತ ಕೇಳ್ತಿದ್ದಾರೆ."

"ಪಂಪು ಇದೆಯಲ್ಲಮ್ಮ," ಅಂದೆ.

ಅಜ್ಜಿಯ ಉತ್ತರವನ್ನೂ ಮಗಳೇ ಇಂಗ್ಲಿಷಿಗೆ ತಂದರು. "ಅವರೂರಲ್ಲಿ ಹೊಳೆ ನೀರು ಇಳಿಜಾರು ಹುಡುಕಿಕೊಂಡು ಕಾಲುವೆಯಲ್ಲಿ ಬರುತ್ತಂತೆ. ಅದರ ಪಕ್ಕ ಮರ, ಮರದ ನೆರಳಲ್ಲಿ ರಸ್ತೆ, ಆಮೇಲೆ ಮನೆ. ನೀವು ಎಲ್ಲ ಮುಗಿಸಿ ಕೊನೆಗೆ ನೀರನ್ನ ಕರೆದಿದ್ದೀರಂತೆ."

ಅಷ್ಟರಲ್ಲಿ ಅಜ್ಜಿ ಹಿತ್ತಲಿನ ಎತ್ತರದ ತುದಿಗೆ ಹೋಗಿ ಹೋಸ್‌ಪೈಪು ಬಿಟ್ಟರು. ನೀರು ಬಳುಕುತ್ತ ಬಂದು, ನಾನು ಬಾರ್ಬೆಕ್ಯೂಗೆಂದು ಗುರುತಿಸಿದ್ದ ಜಾಗವನ್ನು ಸೀಳಿ, ನನ್ನ ಶೂ ತೋಯಿಸಿ ಮುಂದೆ ಹೋಯಿತು. ನಾನು ಅದರ ಹಿಂದೆಯೇ ಸುಣ್ಣದ ಗೆರೆ ಎಳೆದುಕೊಂಡು ಹೋದೆ. ಗೆರೆಯ ಎರಡೂ ಬದಿಗೆ ಮರ, ಮರದ ಕೆಳಗೆ ಬೆಂಚು ಅಂದೆ. ಅಜ್ಜಿ ಒಪ್ಪಿ ತಲೆಯಾಡಿಸಿದರು.

ಆ ತೋಟ ನೋಡಿದವರೆಲ್ಲ ಈಗ ಡಿಸೈನು ಯಾರದೆಂದು ಕೇಳುತ್ತಾರೆ. ನನ್ನದೇ ಅನ್ನುತ್ತೇನೆ. ನೀರೇನು ಬಂದು ಸಾಕ್ಷಿ ಹೇಳುತ್ತದೆಯೇ?